ಅಳತೆಗೋಲಿನ ಮುಂದೆ ಒಂದು ಸಂಸಾರ

ಮೂರು ವರ್ಷಗಳ ಹಿಂದಿನ ಬೇಸಗೆಯ ರಜೆಯಲ್ಲಿ, ನನ್ನ ಸಂಸಾರವನ್ನೂ ತಂಗಿಯ ಸಂಸಾರವನ್ನೂ ಒಂದೇ ವ್ಯಾನಿನಲ್ಲಿ ತುಂಬಿಕೊಂಡು, ಎಪ್ಪತ್ತು ದಾಟಿದ ನಮ್ಮ ತಾಯಿಯವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲಾರದೆ ಅವರನ್ನೂ ಹೊರಡಿಸಿಕೊಂಡು, ಒಂದು ವಿಹಾರೋದ್ಯಾನಕ್ಕೆ ಹೋಗಿದ್ದೆ. ನಮ್ಮ ತಂಡದಲ್ಲಿ ಹದಿನಾಲ್ಕರ ನನ್ನ ಮಗಳು, ಎಂಟು ತುಂಬಿದ ಮಗ, ಎರಡೂವರೆ ವರ್ಷದ ತಂಗಿಯ ಮಗಳು, ಹೀಗೆ ಮೂವರು ಮಕ್ಕಳಿದ್ದರು. ಟಿಕೆಟ್ಟಿನ ಕಿಟಕಿಯ ಪಕ್ಕದ ಗೋಡೆಯ ಮೇಲೆ ಅಡ್ಡಗೆರೆಗಳನ್ನೆಳೆದ ಅಳತೆಪಟ್ಟಿಯೊಂದಿತ್ತು. ಮಗುವಿನ ನೆತ್ತಿ ಗೆರೆಯ ಕೆಳಗೆ ನಿಂತರೆ ಮಕ್ಕಳ ದರ, ಗೆರೆಯನ್ನು ಮೀರಿದರೆ ಪೂರ್ಣ ದರ. ಬಸ್ಸಿನಲ್ಲಿ ಕಂಡಕ್ಟರ್ ಎದುರಿಗೆ ಬಂದಾಗ ಮಕ್ಕಳ ವಯಸ್ಸನ್ನು ಒಂದೆರಡು ವರ್ಷ ತಗ್ಗಿಸಿ ಹೇಳುವ ನಮ್ಮ ಪುರಾತನ ಸಂಪ್ರದಾಯಕ್ಕೆ ಚ್ಯುತಿ ಬಾರದಂತೆ, ತಂಗಿಯ ಗಂಡ ನನ್ನ ಮಗನ ಹೆಗಲ ಮೇಲೆ ಕೈಯಿಟ್ಟು, ‘ಸ್ವಲ್ಪ ಮಂಡಿ ಬಗ್ಗಿಸೋ’ ಎಂದು ಪಿಸುಗುಟ್ಟಿದರು. ಒಳಗೆ ಹೋಗಿ ಅರ್ಧ ಗಂಟೆ ಕಳೆಯುವುದರೊಳಗೆ, ರೋಲರ್ ಕೋಸ್ಟರಿನ ಬಾಗಿಲಲ್ಲಿ ಅಂಥದೇ ಇನ್ನೊಂದು ಅಳತೆಗೋಲು ಎದುರಾಯಿತು. ಈ ಸಲ ನಾನೇ, ‘ನೆಟ್ಟಗೆ ನಿಲ್ಲು, ತಲೆ ಎತ್ತು’ ಎಂದೆ. ಹುಡುಗ ಹಿಮ್ಮಡಿಯೆತ್ತಿ ತುದಿಗಾಲಿನಲ್ಲಿ ನಿಂತ. ಅಲ್ಲಿದ್ದ ತರುಣ ನೌಕರನು, ದಿನಕ್ಕೆ ನೂರು ಸಲ ಮಾಡಿ ಅಭ್ಯಾಸವಾದ ಸಮಾಧಾನದಿಂದ, ಬಗ್ಗಿ ಅವನ ಶೂಗಳನ್ನು ಮೆಲ್ಲನೆ ನೆಲಕ್ಕೆ ಒತ್ತಿ, ‘ಇನ್ನೂ ಮೂರು ಸೆಂಟಿಮೀಟರ್ ಬೇಕು ಸಾರ್’ ಎಂದ. ಮಗ ಒಮ್ಮೆ ಕೋಲನ್ನೂ ಒಮ್ಮೆ ನನ್ನನ್ನೂ ನೋಡಿ, ‘ಟಿಕೆಟ್ ಹತ್ರ ಮಾವ ಬಗ್ಗು ಅಂದ್ರು, ಇಲ್ಲಿ ನೀನು ನೆಟ್ಟಗೆ ನಿಲ್ಲು ಅಂತೀಯ. ನಾನು ನಿಜವಾಗ್ಲೂ ಎಷ್ಟು ಉದ್ದ ಇದ್ದೀನಪ್ಪಾ?’ ಎಂದು ಕೇಳಿ, ಅಳುವುದಕ್ಕೆ ಆರಂಭಿಸಿದ.

ಉತ್ತರ ನನ್ನಲ್ಲಿರಲಿಲ್ಲ, ಏಕೆಂದರೆ ನಾನು ಅಳೆದೇ ಇರಲಿಲ್ಲ. ತಿಂಡಿಯ ಡಬ್ಬಿಗಳನ್ನು ಎಣಿಸಿದ್ದೆವು, ಬಟ್ಟೆಯ ಗಂಟುಗಳನ್ನು ಎಣಿಸಿದ್ದೆವು, ವ್ಯಾನಿನ ಬಾಡಿಗೆಯನ್ನು ಮೂರು ಸಲ ಚೌಕಾಶಿ ಮಾಡಿದ್ದೆವು; ಆದರೆ ಯಾವ ಮಕ್ಕಳ ಸಲುವಾಗಿ ಇಷ್ಟೆಲ್ಲ ಸನ್ನಾಹವೋ ಆ ಮಕ್ಕಳು ಮೂವರೂ ಮೂರು ಬೇರೆ ಬೇರೆ ಪ್ರಪಂಚಗಳಲ್ಲಿ ವಾಸಿಸುವವರೆಂಬುದನ್ನು, ಒಂದೇ ಬಾಗಿಲಿನಿಂದ ಒಳಹೊಕ್ಕರೂ ಅವರಿಗೆ ಸಿಗುವ ಉದ್ಯಾನಗಳು ಮೂರೆಂಬುದನ್ನು ಯೋಚಿಸಿರಲಿಲ್ಲ. ‘ಎಲ್ಲರೂ ಒಟ್ಟಿಗೇ ಇರಬೇಕು’ ಎಂಬ ಒಂದೇ ಸೂತ್ರವನ್ನು ಹಿಡಿದು ಹೊರಟ ನಮಗೆ, ಮಧ್ಯಾಹ್ನದ ಹೊತ್ತಿಗೆ, ಒಬ್ಬರ ಸುಖಕ್ಕಾಗಿ ಉಳಿದವರೆಲ್ಲರೂ ಬಿಸಿಲಿನಲ್ಲಿ ನಿಂತು ಕಾಯುವ ಸರದಿಯ ಸಂಕಟವೇ ಒಟ್ಟಿಗೆ ಅನುಭವಿಸಿದ ಏಕೈಕ ವಸ್ತುವಾಗಿ ಪರಿಣಮಿಸಿತು. ಅಂದು ಕಲಿತದ್ದನ್ನೂ, ಅನಂತರ ಹೋದಾಗಲೆಲ್ಲ ತಿದ್ದಿಕೊಂಡದ್ದನ್ನೂ, ಈ ರಜೆಯಲ್ಲಿ ಹೊರಡಲಿರುವ ಗೃಹಸ್ಥರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಒಟ್ಟಿಗೆ ನಲಿಯಬೇಕೆಂಬ ಆಸೆ ಕೇವಲ ನಮ್ಮದೇ ಅಲ್ಲ. ಆಧುನಿಕ ಥೀಮ್ ಪಾರ್ಕಿನ ಹುಟ್ಟೇ ಆ ಆಸೆಯಲ್ಲಿದೆ. ಅಮೆರಿಕೆಯ ಚಿತ್ರನಿರ್ಮಾಪಕ ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗಿ, ಅವರು ಮರದ ಕುದುರೆಗಳ ಮೇಲೆ ಸುತ್ತು ತಿರುಗುತ್ತಿರುವಾಗ ತಾವು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕುಳಿತಿರಬೇಕಾಗುತ್ತಿತ್ತಂತೆ. ತಂದೆತಾಯಿಗಳೂ ಮಕ್ಕಳೂ ಕೂಡಿಯೇ ಆನಂದಿಸಬಹುದಾದ ಒಂದು ಸ್ಥಳವೇಕಿರಬಾರದೆಂಬ ಆಲೋಚನೆ ಆ ಬೆಂಚಿನ ಮೇಲೆ ಮೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅದರ ಫಲವಾಗಿ 1955ರ ಜುಲೈ 17ರಂದು ಕ್ಯಾಲಿಫೋರ್ನಿಯದ ಅನಾಹೈಮಿನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಅದಕ್ಕೆ ನೂರು ವರ್ಷಕ್ಕೂ ಮುಂಚೆ, 1843ರಲ್ಲಿಯೇ, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ತಿವೋಲಿ ಎಂಬ ವಿಹಾರೋದ್ಯಾನ ಸ್ಥಾಪಿತವಾಗಿತ್ತು. ಅದು ಇಂದಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲಿ, 1982ರ ಏಷ್ಯನ್ ಕ್ರೀಡೆಗಳ ಆನೆಮರಿಯ ಹೆಸರನ್ನು ಹೊತ್ತ ಅಪ್ಪು ಘರ್ 1984ರಲ್ಲಿ ದೆಹಲಿಯಲ್ಲಿ ಆರಂಭವಾಗಿ 2008ರವರೆಗೆ ನಡೆಯಿತು. ಮುಂಬಯಿಯ ಎಸ್ಸೆಲ್ ವರ್ಲ್ಡ್ 1989ರಲ್ಲಿ ಬಂದಿತು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡನ್ನು ತೆರೆದ ಉದ್ಯಮಿ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರ ಸಂಸ್ಥೆಯೇ 2005ರಲ್ಲಿ ಮೈಸೂರು ರಸ್ತೆಯ ಬಿಡದಿಯ ಬಳಿ, ಬೆಂಗಳೂರಿಗೆ ಸುಮಾರು 28 ಕಿಲೋಮೀಟರ್ ದೂರದಲ್ಲಿ, ವಂಡರ್‌ಲಾವನ್ನು ನಿರ್ಮಿಸಿತು. ಇಂದು ಕರ್ನಾಟಕದ ಮಧ್ಯಮವರ್ಗದ ಮಕ್ಕಳ ಬಾಯಲ್ಲಿ ರಜೆ ಎಂಬುದರ ಪರ್ಯಾಯಪದವೇ ಈ ಹೆಸರಾಗಿರುವುದರಿಂದ, ಮುಂದಿನ ಮಾತುಗಳಿಗೆ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ನಮ್ಮ ಜಾತ್ರೆಯ ತೊಟ್ಟಿಲಿಗೂ ಈ ಉದ್ಯಾನಗಳಿಗೂ ಇರುವ ಮುಖ್ಯ ವ್ಯತ್ಯಾಸ ಯಂತ್ರದ ಗಾತ್ರದಲ್ಲಿಲ್ಲ, ಹಣ ತೆರುವ ಕ್ರಮದಲ್ಲಿದೆ. ಜಾತ್ರೆಯಲ್ಲಿ ಹತ್ತಿದ್ದಕ್ಕೆ ಮಾತ್ರ ಹಣ. ಡಿಸ್ನಿಲ್ಯಾಂಡಿನಲ್ಲಿಯೂ 1982ರವರೆಗೆ ಒಂದೊಂದು ಸವಾರಿಗೆ ಒಂದೊಂದು ಚೀಟಿ ಹರಿದುಕೊಡುವ ಪದ್ಧತಿಯೇ ಇತ್ತು. ಈಗ ಬಾಗಿಲಲ್ಲೇ ಒಟ್ಟು ಮೊತ್ತವನ್ನು ಕಟ್ಟಿಸಿಕೊಂಡುಬಿಡುವುದರಿಂದ, ಒಳಗೆ ಹೋದ ಗೃಹಸ್ಥನ ಮನಸ್ಸಿನಲ್ಲಿ ‘ಕೊಟ್ಟ ದುಡ್ಡಿಗೆ ಎಲ್ಲವನ್ನೂ ಹತ್ತಿಸಿಬಿಡಬೇಕು’ ಎಂಬ ಒಂದು ಭೂತ ಪ್ರವೇಶಮಾಡುತ್ತದೆ. ಅರವತ್ತು ಚಿಲ್ಲರೆ ರೈಡುಗಳಿರುವ ಸ್ಥಳದಲ್ಲಿ, ಆರೇಳು ಗಂಟೆಗಳ ಕಾಲಾವಧಿಯಲ್ಲಿ, ಮೂರು ವಯಸ್ಸಿನ ಮಕ್ಕಳನ್ನು ಕಟ್ಟಿಕೊಂಡು ಎಲ್ಲವನ್ನೂ ಮುಗಿಸುವುದು ಅಸಾಧ್ಯವೆಂಬುದನ್ನು ಮೊದಲೇ ಒಪ್ಪಿಕೊಂಡವನಿಗೆ ಅರ್ಧ ಆಯಾಸ ಕಡಿಮೆ.

ಆದುದರಿಂದ ಸಿದ್ಧತೆಯ ಮೊದಲನೆಯ ಕೆಲಸ ಮನೆಯಲ್ಲಿ ದರ್ಜಿಯ ಟೇಪನ್ನು ಹುಡುಕುವುದು. ಅಮೆರಿಕೆಯ ಡಿಸ್ನಿ ಉದ್ಯಾನಗಳಲ್ಲಿ ಟಿಕೆಟ್ಟಿಗೆ ವಯಸ್ಸೂ ಸವಾರಿಗೆ ಎತ್ತರವೂ ಪ್ರಮಾಣ: ಮೂರು ತುಂಬದ ಮಗುವಿಗೆ ಹಣವಿಲ್ಲ, ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಹತ್ತಕ್ಕೆ ಕಾಲಿಟ್ಟರೆ ದೊಡ್ಡವರ ದರ. ವಂಡರ್‌ಲಾದಲ್ಲಾದರೋ ಟಿಕೆಟ್ಟಿಗೂ ಎತ್ತರವೇ ಪ್ರಮಾಣ. 85 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಉಚಿತ, ಅಲ್ಲಿಂದ 140ರವರೆಗೆ ಮಕ್ಕಳ ದರ, ಅದರ ಮೇಲೆ ಪೂರ್ಣ ದರ. ಸವಾರಿಗಳ ಮಿತಿಯಂತೂ ಒಂದರಂತೆ ಒಂದಿಲ್ಲ. ಮಕ್ಕಳನ್ನು ಶೂ ಬಿಚ್ಚಿಸಿ ಗೋಡೆಗೆ ಒರಗಿಸಿ ಅಳೆದು, ಉದ್ಯಾನದವರು ಪ್ರಕಟಿಸಿರುವ ಸವಾರಿಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಯಾರಿಗೆ ಯಾವುದು ಸಲ್ಲುತ್ತದೆ ಎಂಬುದನ್ನು ಮನೆಯಲ್ಲೇ ಗುರುತು ಹಾಕಿಕೊಂಡರೆ, ಬಾಗಿಲಲ್ಲಿ ಬರಬೇಕಾದ ಕಣ್ಣೀರು ಹಿಂದಿನ ರಾತ್ರಿಯೇ ಬಂದು ಹೋಗುತ್ತದೆ. ಮನೆಯ ಕಣ್ಣೀರಿಗೆ ಸಮಾಧಾನ ಹೇಳುವುದು ಸುಲಭ.

ಈ ಎತ್ತರದ ನಿಯಮವನ್ನು ನೌಕರನ ಹಟವೆಂದು ಭಾವಿಸಿ ಜಗಳಕ್ಕೆ ನಿಲ್ಲುವ ತಂದೆಯರನ್ನು ಕಂಡಿದ್ದೇನೆ. ಅದರ ಕಾರಣವನ್ನು ತಿಳಿದರೆ ಜಗಳದ ಉತ್ಸಾಹ ಇಳಿಯುತ್ತದೆ. ಸವಾರನನ್ನು ಆಸನಕ್ಕೆ ಹಿಡಿದಿಡುವ ಕಂಬಿ ಒಂದು ಗೊತ್ತಾದ ಮೈಯಳತೆಗೆಂದು ರಚಿತವಾದದ್ದು. ಹೆಗಲ ಮೇಲೆ ಇಳಿಯಬೇಕಾದ ಕಂಬಿ ಹೆಗಲನ್ನು ಮುಟ್ಟದೆ ಗಾಳಿಯಲ್ಲಿ ನಿಂತರೆ, ಅಥವಾ ತಂದೆಮಕ್ಕಳಿಬ್ಬರಿಗೂ ಒಂದೇ ಕಂಬಿಯಿದ್ದು ಅದು ತಂದೆಯ ದಪ್ಪ ತೊಡೆಗೆ ತಾಗಿ ನಿಂತು ಮಗುವಿನ ತೊಡೆಯ ಮೇಲೆ ಗೇಣಗಲದ ಎಡೆಯನ್ನುಳಿಸಿದರೆ, ಯಂತ್ರವು ತಿರುವಿನಲ್ಲಿ ಎತ್ತಿ ಎಸೆಯುವ ಕ್ಷಣದಲ್ಲಿ ಮಗುವನ್ನು ತಡೆಯತಕ್ಕದ್ದು ಏನೂ ಇರುವುದಿಲ್ಲ. ಮೂರು ಸೆಂಟಿಮೀಟರನ್ನು ತುದಿಗಾಲಿನಿಂದಲೋ ದಪ್ಪ ಅಟ್ಟೆಯ ಶೂವಿನಿಂದಲೋ ಸಂಪಾದಿಸಿಕೊಟ್ಟ ತಂದೆ, ಮಗುವಿಗೆ ಸುಖವನ್ನು ಸಂಪಾದಿಸಿಕೊಟ್ಟಂತಾಗುವುದಿಲ್ಲ.

ಇನ್ನು ವಯಸ್ಸುಗಳ ವಿಚಾರ. ಮೂರು ವರ್ಷದೊಳಗಿನ ಶಿಶುವಿಗೆ ಉದ್ಯಾನವೆಂದರೆ ನೀರಿನ ಚಿಲುಮೆ, ಬಣ್ಣದ ಪುಗ್ಗ, ಪುಟಾಣಿ ರೈಲು ಮತ್ತು ನಿದ್ರೆ. ಅದರಲ್ಲಿಯೂ ನಿದ್ರೆಯೇ ಪ್ರಧಾನ. ಅದರ ಹೊತ್ತನ್ನು ತಪ್ಪಿಸಿದರೆ ಇಡೀ ಸಂಸಾರದ ಸಂಜೆ ಕೆಡುತ್ತದೆ. ಮನೆಯಲ್ಲಿರುವುದು ಅಂಥ ಒಂದೇ ಮಗುವಾದರೆ ದೊಡ್ಡ ಉದ್ಯಾನದ ದಾರಿಯನ್ನೇ ಹಿಡಿಯದೆ, ಬೆಂಗಳೂರಿನ ಕಬ್ಬನ್ ಪಾರ್ಕಿನ ಜವಾಹರ್ ಬಾಲಭವನದಂಥ ಕಡೆ ಪುಟಾಣಿ ರೈಲಿನಲ್ಲಿ ಒಂದು ಸುತ್ತು ಕೂರಿಸಿಕೊಂಡು ಬಂದರೆ ಅದಕ್ಕೆ ಆಗುವ ಸಂತೋಷ ಕಿಂಚಿತ್ತೂ ಕಡಿಮೆಯಾಗದು. ಹದಿಮೂರು ದಾಟಿದವರ ಪ್ರಪಂಚ ಇದಕ್ಕೆ ತೀರ ವಿರುದ್ಧ. ಅವರಿಗೆ ಎತ್ತರ, ವೇಗ, ತಲೆಕೆಳಗಾಗುವಿಕೆ, ಇವುಗಳಿಗಿಂತ ಮಿಗಿಲಾಗಿ ತಂದೆತಾಯಿಗಳ ಕಣ್ಣಿನಿಂದ ಒಂದೆರಡು ಗಂಟೆ ದೂರವಿರುವ ಸ್ವಾತಂತ್ರ್ಯ ಬೇಕು. ಅಂದು ನನ್ನ ಮಗಳು ಚಿಕ್ಕವಳನ್ನು ಸೊಂಟದ ಮೇಲೆ ಹೊತ್ತು ಬಹಳ ಹೊತ್ತು ಓಡಾಡಿ, ಕೊನೆಗೆ, ‘ಅಪ್ಪಾ, ನನ್ನನ್ನ ಕರ್ಕೊಂಡು ಬಂದಿರೋದು ಆಡೋಕಾ, ಮಗು ಎತ್ಕೊಳ್ಳೋಕಾ?’ ಎಂದಾಗ ನನಗೆ ನಾಚಿಕೆಯಾಯಿತು. ದೊಡ್ಡ ಮಗಳನ್ನು ಬಿಟ್ಟಿ ದಾದಿಯನ್ನಾಗಿ ಮಾಡಿಕೊಳ್ಳುವುದು ನಮ್ಮ ಅನೇಕ ಮನೆಗಳ ಅನುದ್ದಿಷ್ಟ ಅನ್ಯಾಯ. ವಿಹಾರದ ದಿನವಾದರೂ ಅದಕ್ಕೆ ರಜೆ ಕೊಡುವುದು ವಿಹಿತ.

ಎಲ್ಲರಿಗಿಂತ ಕಷ್ಟಕ್ಕೀಡಾಗುವವರು ನಡುವಿನವರು, ಎಂದರೆ ಸುಮಾರು ಆರರಿಂದ ಹತ್ತರವರೆಗಿನವರು. ಶಿಶುಗಳ ರೈಲಿನಲ್ಲಿ ಕುಳಿತುಕೊಳ್ಳುವುದಕ್ಕೆ ಅವರಿಗೆ ಮರ್ಯಾದೆ ಅಡ್ಡಬರುತ್ತದೆ, ದೊಡ್ಡವರ ಕೋಸ್ಟರನ್ನು ಹತ್ತುವುದಕ್ಕೆ ಗೆರೆ ಅಡ್ಡಬರುತ್ತದೆ. ಶಿಶುವಿಗಾದರೋ ತಾಯಿ ಇದ್ದಾಳೆ, ಅಕ್ಕನಿಗೆ ಧೈರ್ಯವಿದೆ. ಇವರ ಪಾಲಿಗೆ ಉಳಿಯುವುದು ಎಲ್ಲರ ಚೀಲಗಳನ್ನು ಕಾಯುತ್ತ ಕಟ್ಟೆಯ ಮೇಲೆ ಕೂರುವ ಕೆಲಸ. ಆದ್ದರಿಂದ ದಿನದ ಯೋಜನೆಯನ್ನು ನಡುವಿನ ಮಗುವಿನಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅವನ ಅಳತೆಗೆ ಸಲ್ಲುವ, ಆದರೂ ಅವನ ಮರ್ಯಾದೆಗೆ ಕುಂದು ತಾರದ ನಾಲ್ಕು ಸವಾರಿಗಳನ್ನು, ಉದಾಹರಣೆಗೆ ದೊಡ್ಡವರೊಬ್ಬರು ಜೊತೆಗೆ ಕುಳಿತರೆ ಬಿಡುವ ಡ್ಯಾಶಿಂಗ್ ಕಾರು, ಟ್ಯೂಬಿನ ಮೇಲೆ ಕುಳಿತು ತೇಲುವ ನೀರಿನ ಕಾಲುವೆ, ಚಿಕ್ಕ ಕೋಸ್ಟರು ಮುಂತಾದುವನ್ನು, ಮೊದಲೇ ಆರಿಸಿ, ‘ಇವು ನಿನ್ನವು, ನಿನ್ನ ಜೊತೆ ಯಾರು ಬರಬೇಕೆಂಬುದನ್ನು ನೀನೇ ಹೇಳು’ ಎಂದು ಅವನಿಗೆ ಒಪ್ಪಿಸಬೇಕು. ಅಧಿಕಾರ ಕೈಗೆ ಬಂದ ಮಗುವಿಗೆ ಎತ್ತರದ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ.

ದೇಹಪ್ರಕೃತಿಯೂ ವಯಸ್ಸಿನೊಡನೆ ಬದಲಾಗುವುದನ್ನು ಗಮನಿಸಬೇಕು. ನಮ್ಮ ಒಳಗಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಚಲಿಸಿ, ನಾವು ತಿರುಗುತ್ತಿದ್ದೇವೆಂಬ ವಾರ್ತೆಯನ್ನು ಮಿದುಳಿಗೆ ಕಳುಹಿಸುತ್ತದೆ. ಕಣ್ಣು ಹೇಳುವುದೊಂದು ಕಿವಿ ಹೇಳುವುದೊಂದು ಆದಾಗ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಶಿಶುಗಳಲ್ಲಿ ಈ ಬಾಧೆ ಅಪರೂಪ. ಎರಡರಿಂದ ಹನ್ನೆರಡರವರೆಗಿನ ಮಕ್ಕಳಲ್ಲಿ ಅಧಿಕ. ಹರೆಯ ಬಂದಂತೆ ಅನೇಕರಲ್ಲಿ ಇಳಿಯುತ್ತದೆ. ಹೀಗಾಗಿ ಘಾಟಿಯ ರಸ್ತೆಯಲ್ಲಿ ವಾಂತಿ ಮಾಡಿಕೊಳ್ಳುವ ಮಗುವನ್ನು ಗಿರಕಿ ಹೊಡೆಯುವ ಸವಾರಿಗೆ, ಅದರಲ್ಲಿಯೂ ಊಟವಾದೊಡನೆ, ಕೂರಿಸುವುದು ಅವಿವೇಕ. ಬೆನ್ನುನೋವು, ಹೃದ್ರೋಗ, ರಕ್ತದೊತ್ತಡವುಳ್ಳ ಹಿರಿಯರಿಗೂ ಗರ್ಭಿಣಿಯರಿಗೂ ರಭಸದ ಸವಾರಿಗಳು ವರ್ಜ್ಯವೆಂಬುದನ್ನು ಫಲಕಗಳಲ್ಲಿ ಬರೆದಿರುತ್ತಾರೆ. ಫಲಕ ಓದುವ ಅಭ್ಯಾಸ ನಮ್ಮಲ್ಲಿ ಇನ್ನಷ್ಟು ಬೆಳೆಯಬೇಕು.

ಅಂದಿನ ನಮ್ಮ ಸಂಕಟಕ್ಕೆ ಪರಿಹಾರ ದೊರೆತದ್ದು ತಾಯಿಯವರಿಂದ. ಹೊಂಗೆಯ ಮರದ ಕೆಳಗೆ ಕುಳಿತು ನಮ್ಮ ವಾಗ್ವಾದವನ್ನು ಬಹಳ ಹೊತ್ತು ಕೇಳಿದ ಅವರು, ‘ಅಲ್ವೋ, ಜಾತ್ರೇಲಿ ನಾವೆಲ್ಲ ಒಂದೇ ತೊಟ್ಟಿಲು ಹತ್ತುತಿದ್ವೇನೋ? ನಿಮ್ಮಪ್ಪ ನಿಮ್ಮನ್ನ ಕರ್ಕೊಂಡು ಹೋಗೋರು, ನಾನು ಕೂಸು ಹಿಡ್ಕೊಂಡು ಬಳೆ ಅಂಗಡಿಗೆ ಹೋಗ್ತಿದ್ದೆ. ತೇರು ನಿಂತ ಮೇಲೆ ಎಲ್ಲರೂ ಗರುಡಗಂಬದ ಹತ್ರ ಸೇರ್ತಿದ್ವಿ. ಹಂಗೇ ಮಾಡ್ರೋ’ ಎಂದರು. ಡಿಸ್ನಿಯವರ ಬೆಂಚಿನ ಮೇಲೆ ಮೊಳೆಯದೇ ಹೋದ ವಿವೇಕ ನಮ್ಮ ಗರುಡಗಂಬದ ಬುಡದಲ್ಲಿ ಎಂದಿನಿಂದಲೋ ಇತ್ತು: ಕೂಡುವುದಕ್ಕೆ ಒಂದು ಹೊತ್ತನ್ನೂ ಒಂದು ತಾವನ್ನೂ ಗೊತ್ತು ಮಾಡಿಕೊಂಡವರು ನಿಶ್ಚಿಂತೆಯಿಂದ ಅಗಲಬಹುದು. ಚಿಕ್ಕವಳು ಅಜ್ಜಿಯ ತೊಡೆಯ ಮೇಲೆ ನಿದ್ರಿಸಿದಳು. ಮಗಳು ಅತ್ತೆಯೊಡನೆ ಕೋಸ್ಟರಿಗೆ ಹೋದಳು. ಮಗನೂ ನಾನೂ ಡ್ಯಾಶಿಂಗ್ ಕಾರಿನಲ್ಲಿ ಒಬ್ಬರನ್ನೊಬ್ಬರು ಗುದ್ದಿಕೊಂಡು ಹಳೆಯ ಬಾಕಿಯನ್ನು ತೀರಿಸಿಕೊಂಡೆವು. ಒಂದೂವರೆ ಗಂಟೆಯ ಮೇಲೆ ಮರದ ಕೆಳಗೆ ಸೇರಿದಾಗ, ಹೇಳಿಕೊಳ್ಳುವುದಕ್ಕೆ ಎಲ್ಲರ ಬಳಿಯೂ ಬೇರೆ ಬೇರೆ ಕಥೆಯಿತ್ತು.

ಈ ಗರುಡಗಂಬದ ಪದ್ಧತಿ ಮೊಬೈಲಿನ ಕಾಲದಲ್ಲಿಯೂ ಅನಿವಾರ್ಯ. ಏಕೆಂದರೆ ನೀರಿನ ಆಟಗಳಿಗೆ ಇಳಿಯುವಾಗ ಎಲ್ಲರ ಮೊಬೈಲೂ ಲಾಕರಿನಲ್ಲಿ ಬಂಧಿಯಾಗಿರುತ್ತದೆ. ಮಕ್ಕಳಿಗೆ ದೂರದಿಂದ ಕಾಣುವ ಒಂದು ಗುರುತನ್ನು ತೋರಿಸಿ, ‘ತಪ್ಪಿಸಿಕೊಂಡರೆ ಹುಡುಕಿಕೊಂಡು ಅಲೆಯಬೇಡ, ಸಮವಸ್ತ್ರ ಹಾಕಿದವರ ಬಳಿ ಹೋಗಿ ಹೆಸರು ಹೇಳು’ ಎಂದು ಕಲಿಸಬೇಕು. ಮಾತು ಸರಿಯಾಗಿ ಬಾರದ ಕೂಸಿನ ಮುಂಗೈ ಮೇಲೆ ಪೆನ್ನಿನಿಂದ ದೂರವಾಣಿಯ ಸಂಖ್ಯೆಯನ್ನು ಬರೆಯಬೇಕು. ಬೆಳಗ್ಗೆ ಬಾಗಿಲಲ್ಲೇ ಮಕ್ಕಳದೊಂದು ಭಾವಚಿತ್ರ ತೆಗೆದುಕೊಂಡರೆ, ಅಂದು ಯಾವ ಬಣ್ಣದ ಅಂಗಿ ತೊಟ್ಟಿತ್ತೆಂಬ ಪ್ರಶ್ನೆಗೆ ಗಾಬರಿಯಲ್ಲಿ ತಡವರಿಸಬೇಕಾಗುವುದಿಲ್ಲ. ದೊಡ್ಡವರಿಬ್ಬರಿಗೂ ದೊಡ್ಡ ಸವಾರಿಯ ಆಸೆಯಿದ್ದರೆ, ಒಬ್ಬರು ಸಾಲಿನಲ್ಲಿ ನಿಂತು ಸವಾರಿ ಮಾಡಿ ಬಂದ ಮೇಲೆ, ಮಗುವಿನೊಡನೆ ಕಾದಿದ್ದ ಇನ್ನೊಬ್ಬರನ್ನು ಮತ್ತೆ ಪೂರ್ತಿ ಸಾಲಿನಲ್ಲಿ ನಿಲ್ಲಿಸದೆ ಬಿಡುವ ‘ರೈಡರ್ ಸ್ವಿಚ್’ ಎಂಬ ವ್ಯವಸ್ಥೆ ಡಿಸ್ನಿ ಉದ್ಯಾನಗಳಲ್ಲಿದೆ. ನಮ್ಮಲ್ಲಿ ಅದನ್ನು ನಿಯಮವಾಗಿ ಕಾಣದಿದ್ದರೂ, ಸಾಲು ಚಿಕ್ಕದಿರುವಾಗ ನಗುಮುಖದಿಂದ ಕೇಳುವುದರಲ್ಲಿ ನಷ್ಟವೇನೂ ಇಲ್ಲ.

ಕಾಲದ ಆಯ್ಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಏಪ್ರಿಲ್, ಮೇ, ದಸರೆ, ಕ್ರಿಸ್‌ಮಸ್ಸಿನ ರಜೆಗಳಲ್ಲಿ ಜನಸಾಗರ. ಚಳಿಗಾಲದಲ್ಲಿ ಶಾಲಾಪ್ರವಾಸದ ಬಸ್ಸುಗಳ ಸಾಲು. ಶಾಲೆ ಆರಂಭವಾದ ಮೇಲಿನ ಜೂನ್ ಜುಲೈಗಳ ಒಂದು ವಾರದ ನಡುದಿನ, ಒಂದು ದಿನದ ಪಾಠ ತಪ್ಪಿದರೂ ಚಿಂತೆಯಿಲ್ಲವೆನ್ನುವವರಿಗೆ, ಅತ್ಯಂತ ಪ್ರಶಸ್ತ. ಬೆಳಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿಯನ್ನು ತಿಂದು, ಬಾಗಿಲು ತೆರೆಯುವ ಮುನ್ನವೇ ಅಲ್ಲಿದ್ದು, ಜನರೆಲ್ಲ ಮುಗಿಬೀಳುವ ಹೆಬ್ಬಾಗಿಲ ಸಮೀಪದ ಸವಾರಿಗಳನ್ನು ಬಿಟ್ಟು ದೂರದ ಮೂಲೆಯಿಂದ ಆರಂಭಿಸಿದರೆ, ಮೊದಲ ಒಂದು ಗಂಟೆಯಲ್ಲಿ ಆಗುವಷ್ಟು ಕೆಲಸ ಮಧ್ಯಾಹ್ನದ ಮೂರು ಗಂಟೆಗಳಲ್ಲಿ ಆಗುವುದಿಲ್ಲ. ದೊಡ್ಡ ಮಕ್ಕಳ ರಭಸದ ಸವಾರಿಗಳನ್ನು ಬೆಳಗ್ಗೆ ಖಾಲಿ ಹೊಟ್ಟೆಗೂ ತುಂಬಿದ ಹೊಟ್ಟೆಗೂ ನಡುವಣ ಸ್ಥಿತಿಯಲ್ಲಿ ಮುಗಿಸಿ, ಬಿಸಿಲೇರಿದಾಗ ನೀರಿಗಿಳಿದು, ಚಿಕ್ಕವರ ನಿದ್ರೆಯ ಹೊತ್ತಿಗೆ ನೆರಳಿಗೆ ಬಂದು, ಸಂಜೆಗೆ ಎಲ್ಲರೂ ಕೂಡಿ ನೋಡಬಹುದಾದ ಒಂದನ್ನು ಇಟ್ಟುಕೊಳ್ಳುವುದು ಉತ್ತಮ ಕ್ರಮ.

ನೀರಿನ ವಿಷಯದಲ್ಲಿ ಮಾತ್ರ ವಿನೋದವನ್ನು ಬದಿಗಿಟ್ಟು ಹೇಳಬೇಕು. ಹತ್ತಿಯ ಬಟ್ಟೆ ನೆನೆದು ಭಾರವಾಗುತ್ತದೆ, ಅದರ ಎಳೆಗಳು ಶೋಧಕಗಳನ್ನು ಕಟ್ಟಿಬಿಡುತ್ತವೆ. ಅದಕ್ಕಾಗಿಯೇ ನೈಲಾನ್, ಪಾಲಿಯೆಸ್ಟರ್, ಲೈಕ್ರಾ ಮುಂತಾದ ಈಜುಡುಪುಗಳನ್ನು ಕಡ್ಡಾಯ ಮಾಡುತ್ತಾರೆ. ಮನೆಯಿಂದಲೇ ಒಯ್ದರೆ ಅಲ್ಲಿ ಬಾಡಿಗೆ ತೆರುವುದು ತಪ್ಪುತ್ತದೆ. ಇದಕ್ಕಿಂತ ಮುಖ್ಯವಾದದ್ದೆಂದರೆ, ಮುಳುಗುವ ಮಗು ಸಿನಿಮಾದಲ್ಲಿ ಕಾಣುವಂತೆ ಕೈಬಡಿದು ಕೂಗುವುದಿಲ್ಲ. ಬಾಯಿ ನೀರಿನೊಳಗಿರುವಾಗ ಕೂಗುವುದಕ್ಕೆ ಉಸಿರೇ ಇರುವುದಿಲ್ಲವಾದುದರಿಂದ, ಪಕ್ಕದಲ್ಲಿ ಗದ್ದಲವೆಬ್ಬಿಸುತ್ತಿರುವ ಜನರ ನಡುವೆ ಅದು ಸದ್ದಿಲ್ಲದೆ ಮುಳುಗುತ್ತದೆ. ಅಲೆಗಳ ಕೊಳದಲ್ಲಿ ಅಲೆ ಎದ್ದಾಗ ಮೊಣಕಾಲಿನ ನೀರು ಎದೆಯವರೆಗೆ ಬರುತ್ತದೆ. ಕಾವಲಿನವರಿದ್ದಾರೆಂದು ನಂಬಿ ದಡದಲ್ಲಿ ಕೂರದೆ, ಈಜು ಬಾರದ ಪ್ರತಿಯೊಂದು ಮಗುವಿಗೂ ಒಬ್ಬ ದೊಡ್ಡವರನ್ನು ಹೆಸರು ಹೇಳಿ ನೇಮಿಸಿ, ಕೈ ಚಾಚಿದರೆ ಮಗು ಸಿಗುವಷ್ಟು ದೂರದಲ್ಲಿಯೇ ಇರಿಸಬೇಕು. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲವೆಂದೇ ಅರ್ಥ.

ಕೊನೆಯದಾಗಿ, ಹೊರಡುವ ಹೊತ್ತಿನ ವಿಚಾರ. ಸಂಜೆ ಬಾಗಿಲು ಮುಚ್ಚುವವರೆಗೂ ಉಳಿದು, ದಣಿದ ಮಕ್ಕಳನ್ನು ಎಳೆದುಕೊಂಡು ಇನ್ನೊಂದು ಸಾಲಿಗೆ ನಿಲ್ಲುವುದರಿಂದ ಕೊಟ್ಟ ಹಣ ಹಿಂದಿರುಗುವುದಿಲ್ಲ. ಮೂವರಲ್ಲಿ ಯಾವುದಾದರೂ ಒಂದು ಮಗು ಅಳುವುದಕ್ಕೆ ಅರ್ಧ ಗಂಟೆ ಮುಂಚೆ ಹೊರಡುವವನೇ ಜಾಣ. ಒಂದೆರಡು ಸವಾರಿಗಳು ಬಾಕಿ ಉಳಿದರೆ ಉಳಿಯಲಿ. ನನ್ನ ಮಗನ ಪಾಲಿಗೆ ಅಂದು ಬಾಕಿ ಉಳಿದದ್ದು ಆ ಕೋಸ್ಟರು. ಮನೆಗೆ ಬಂದವನೇ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆದ. ಒಂದು ತನ್ನದು, ಇನ್ನೊಂದು ಮೂರು ಸೆಂಟಿಮೀಟರ್ ಮೇಲೆ. ಶಾಲೆಗೆ ಹೋಗುವ ವಯಸ್ಸಿನ ಮಗು ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಕಾಯುವುದಕ್ಕೆ ತಾಳ್ಮೆಯುಳ್ಳ ತಂದೆತಾಯಿಗಳಿಗೆ ಇದಕ್ಕಿಂತ ನಂಬಿಕೆಯ ಟಿಕೆಟ್ಟು ಇನ್ನೊಂದಿಲ್ಲ.